‘ಪರವಾಗಿಲ್ಲ’ದ ಕೆಳಗೆ ಏನಿದೆ? ಸೈಕೋಡೈನಮಿಕ್ ಥೆರಪಿ ನಡೆಯುವ ಬಗೆ

ಖಿನ್ನತೆಗೆಂದು ಮನೋವೈದ್ಯರನ್ನು ಕಂಡಿದ್ದೀರಿ. ಮಾತ್ರೆಯಿಂದ ನಿದ್ದೆ ಸುಧಾರಿಸಿದೆ, ಒಳಗಿನ ಭಾರ ಮಾತ್ರ ಇಳಿದಿಲ್ಲ. ಈ ಸಲ ಅವರು ಚೀಟಿಯ ಕೊನೆಯಲ್ಲಿ ‘ಸೈಕೋಡೈನಮಿಕ್ ಥೆರಪಿ, ವಾರಕ್ಕೊಮ್ಮೆ’ ಎಂದು ಬರೆದುಕೊಟ್ಟಿದ್ದಾರೆ. ಹೋಗಿ ಕೂತರೆ ಎದುರಿಗಿರುವವರು ಸಲಹೆ ಕೊಡುವುದಿಲ್ಲ, ಮನೆಯಲ್ಲಿ ಮಾಡಿಕೊಂಡು ಬನ್ನಿ ಎಂದು ಅಭ್ಯಾಸ ಹಚ್ಚುವುದಿಲ್ಲ, ‘ಎಲ್ಲ ಸರಿಹೋಗುತ್ತೆ’ ಎಂದು ಸಮಾಧಾನವನ್ನೂ ಹೇಳುವುದಿಲ್ಲ. ಮೂರು ನಾಲ್ಕು ವಾರದಲ್ಲೇ ‘ಇವರು ಏನೂ ಹೇಳೋದೇ ಇಲ್ವಲ್ಲ’ ಎನಿಸಿ ಬಿಟ್ಟುಬಿಡುವವರಿದ್ದಾರೆ.

ಥೆರಪಿಸ್ಟ್ ಸುಮ್ಮನಿರುವುದಕ್ಕೂ ಗಡಿಯಾರ ನೋಡಿ ಸರಿಯಾಗಿ ಮುಗಿಸುವುದಕ್ಕೂ ರಜೆಯ ಬಗ್ಗೆ ಒಂದು ತಿಂಗಳು ಮೊದಲೇ ಮಾತೆತ್ತುವುದಕ್ಕೂ ಕಾರಣ ಒಂದೇ. ನಿಮ್ಮನ್ನು ಹೊರಗಿನ ಬದುಕಿನಲ್ಲಿ ಮತ್ತೆ ಮತ್ತೆ ಸಿಕ್ಕಿಸುವ ಹಳೆಯ ಪಾಠ, ಬೇಗನೋ ತಡವಾಗಿಯೋ, ಆ ಕೋಣೆಯಲ್ಲೂ ನಡೆಯತೊಡಗುತ್ತದೆ. ನಡೆಯುತ್ತಿರುವಾಗಲೇ ಅದನ್ನು ಇಬ್ಬರೂ ಸೇರಿ ನೋಡುವುದು ಈ ಚಿಕಿತ್ಸೆಯ ಕೆಲಸ.

ಹೆಸರು ಬಂದದ್ದು ಎಲ್ಲಿಂದ

‘ಡೈನಮಿಕ್’ ಎನ್ನುವ ಮಾತು ಇಲ್ಲಿ ಒಂದನ್ನೊಂದು ಎಳೆಯುವ ಶಕ್ತಿಗಳನ್ನು ಸೂಚಿಸುತ್ತದೆ. ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಎರಡೂ ತಂಡದ ಬಲ ಸಮನಾಗಿದ್ದರೆ ಹಗ್ಗ ಅಲುಗುವುದಿಲ್ಲ. ದೂರದಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ, ಆದರೆ ಎಳೆಯುವವರ ಕೈ ಕಿತ್ತುಬರುತ್ತಿರುತ್ತದೆ. ‘ಏನೂ ಕೆಲಸ ಮಾಡಿಲ್ಲ, ಆದರೂ ಸುಸ್ತು’ ಎನ್ನುವವರ ಒಳಗೆ ಇಂಥದೊಂದು ಜಗ್ಗಾಟ ನಡೆದಿರಬಹುದು. ಒಂದು ಕಡೆ ಹೇಳಬೇಕೆನ್ನುವ ಆಸೆ, ಇನ್ನೊಂದು ಕಡೆ ಹೇಳಿದರೆ ಕೆಡುಕಾದೀತೆಂಬ ಭಯ. ಇದರ ಬಹುಪಾಲು ನಮ್ಮ ಅರಿವಿಗೆ ಬಾರದೆ ನಡೆಯುತ್ತದೆ. ‘ಸುಪ್ತಮನಸ್ಸು’ ಎನ್ನುವುದು ಇದನ್ನೇ.

ಮಾತಿನಿಂದ ಚಿಕಿತ್ಸೆ ಎಂಬ ಕಲ್ಪನೆಯ ಹಿಂದೆ ಒಬ್ಬ ರೋಗಿಯ ಕೊಡುಗೆಯಿದೆ. 1880ರಿಂದ 1882ರವರೆಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಬಳಿ ಚಿಕಿತ್ಸೆ ಪಡೆದ ಯುವತಿಯನ್ನು ವೈದ್ಯಕೀಯ ಬರಹಗಳು ‘ಅನ್ನಾ ಓ.’ ಎಂದು ಕರೆಯುತ್ತವೆ. ‘ಮಾತಿನ ಚಿಕಿತ್ಸೆ’ ಎಂಬ ಹೆಸರು ಆಕೆಯದೇ. ತಮಾಷೆಗೆ ‘ಚಿಮಣಿ ಗುಡಿಸುವುದು’ ಎಂದೂ ಹೇಳುತ್ತಿದ್ದಳಂತೆ. ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದರು. ಆದರೆ ಬ್ರಾಯರ್ ಚಿಕಿತ್ಸೆ ಮುಗಿದ ಮೇಲೂ ಆಕೆ ಆರೋಗ್ಯಧಾಮ ಸೇರಬೇಕಾಯಿತು ಎಂಬುದನ್ನು ಮರೆಯಬಾರದು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಹಾಕಿದರೆ ಹಗುರಾಗುತ್ತದೆ ನಿಜ, ಅಷ್ಟರಿಂದಲೇ ಗುಣವಾಗುವುದಿಲ್ಲ. ಮುಂದಿನ ನೂರು ವರ್ಷದ ಬೆಳವಣಿಗೆ ‘ಹಾಗಾದರೆ ಇನ್ನೇನು ಬೇಕು’ ಎಂಬ ಪ್ರಶ್ನೆಯ ಬೆನ್ನು ಹತ್ತಿದ್ದೇ ಆಗಿದೆ.

ಫ್ರಾಯ್ಡ್ ಕಟ್ಟಿದ ಮನೋವಿಶ್ಲೇಷಣೆಯಲ್ಲಿ ರೋಗಿ ಮಂಚದಂಥ ಸೋಫಾದ ಮೇಲೆ ಮಲಗುತ್ತಾರೆ, ವಾರಕ್ಕೆ ನಾಲ್ಕೈದು ದಿನ ಬರುತ್ತಾರೆ. ಸೈಕೋಡೈನಮಿಕ್ ಥೆರಪಿ ಅದೇ ಬೇರಿನದು, ಆದರೆ ಹಗುರಾದ ರೂಪ. ಎದುರುಬದುರು ಕುರ್ಚಿ, ವಾರಕ್ಕೆ ಒಂದು ಅಥವಾ ಎರಡು ಸೆಷನ್, ಪ್ರತಿ ಸೆಷನ್ 45ರಿಂದ 50 ನಿಮಿಷ.

ತ್ರಿಕೋನದ ಮೂರು ಮೂಲೆ

ವಿವರಣೆಗೆಂದು ಒಬ್ಬರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 36, ಉದ್ಯೋಗಸ್ಥೆ, ಮನೆಯ ಹಿರಿಮಗಳು. ಎಲ್ಲದಕ್ಕೂ ಅವರ ಬಾಯಲ್ಲಿ ಬರುವ ಮಾತು ‘ಪರವಾಗಿಲ್ಲ’. ಆಫೀಸಿನಲ್ಲಿ ಬೇರೆಯವರ ಕೆಲಸ ತಂದು ಹೊರಿಸಿದರೆ ಪರವಾಗಿಲ್ಲ. ಗಂಡ ಒಪ್ಪಿಕೊಂಡದ್ದನ್ನು ಮರೆತರೆ ಪರವಾಗಿಲ್ಲ. ಆ ರಾತ್ರಿ ಮಾತ್ರ ತಲೆನೋವು, ಬೆಳಗಿನ ಜಾವ ಎಚ್ಚರ, ‘ನನ್ನಲ್ಲೇ ಏನೋ ಕೊರತೆ ಇದೆ’ ಎಂಬ ಕೊರಗು.

ಇದನ್ನು ಬಿಡಿಸಿ ನೋಡಲು ಬ್ರಿಟಿಷ್ ಚಿಕಿತ್ಸಕ ಡೇವಿಡ್ ಮಲಾನ್ ಬಳಸಿದ ಎರಡು ತ್ರಿಕೋನಗಳು ಇಂದಿಗೂ ಬಹಳ ಉಪಯೋಗಕ್ಕೆ ಬರುತ್ತವೆ. ಮೊದಲನೆಯದು ಸಂಘರ್ಷದ ತ್ರಿಕೋನ. ಕೆಳಗಿನ ಮೂಲೆಯಲ್ಲಿ ಅಡಗಿಸಿಟ್ಟ ಭಾವನೆ, ಇಲ್ಲಿ ಸಿಟ್ಟು. ಎರಡನೆಯ ಮೂಲೆಯಲ್ಲಿ ಆತಂಕ, ಅಂದರೆ ‘ಸಿಟ್ಟು ತೋರಿಸಿದರೆ ನನ್ನನ್ನು ಬಿಟ್ಟುಬಿಡುತ್ತಾರೆ’. ಮೂರನೆಯ ಮೂಲೆಯಲ್ಲಿ ರಕ್ಷಣೆ, ‘ಪರವಾಗಿಲ್ಲ’. ಸಿಟ್ಟು ಏಳುವ ಮೊದಲೇ ಆತಂಕ ಏಳುತ್ತದೆ, ಆತಂಕ ಅರಿವಿಗೆ ಬರುವ ಮೊದಲೇ ರಕ್ಷಣೆ ಬಾಗಿಲು ಹಾಕುತ್ತದೆ. ಇಷ್ಟೂ ಅರೆಕ್ಷಣದಲ್ಲಿ ಮುಗಿದುಹೋಗುವುದರಿಂದ ‘ನನಗೆ ಸಿಟ್ಟೇ ಬರಲ್ಲ’ ಎಂದು ಆಕೆ ಹೇಳುವುದರಲ್ಲಿ ಸುಳ್ಳಿಲ್ಲ. ಹೊರಗೆ ಹೋಗಲು ದಾರಿ ಸಿಗದ ಸಿಟ್ಟು ತನ್ನ ಮೇಲೇ ತಿರುಗಿ ಕೊರಗಾಗುತ್ತದೆ.

ಎರಡನೆಯದು ವ್ಯಕ್ತಿಗಳ ತ್ರಿಕೋನ. ಒಂದು ಮೂಲೆಯಲ್ಲಿ ಹಿಂದಿನವರು: ಆಕೆಯ ತಾಯಿ ಆಗಾಗ ಹಾಸಿಗೆ ಹಿಡಿಯುತ್ತಿದ್ದರು, ಮಗಳು ಹಟ ಮಾಡಿದರೆ ದಿನಗಟ್ಟಲೆ ಮಾತು ಬಿಡುತ್ತಿದ್ದರು. ಇನ್ನೊಂದರಲ್ಲಿ ಇಂದಿನವರು: ಗಂಡ, ಮೇಲಧಿಕಾರಿ. ಮೂರನೆಯದರಲ್ಲಿ ಥೆರಪಿಸ್ಟ್. ಮೊದಲ ತ್ರಿಕೋನದ ಆಟ ಈ ಮೂವರೊಡನೆಯೂ ಒಂದೇ ರೀತಿ ನಡೆಯುತ್ತದೆ.

ರಕ್ಷಣೆಯನ್ನು ದೋಷವೆಂದು ತಿಳಿಯುವುದು ದೊಡ್ಡ ತಪ್ಪು. ಎಂಟು ವರ್ಷದ ಹುಡುಗಿಗೆ ‘ಪರವಾಗಿಲ್ಲ’ ಎನ್ನುವುದೇ ಅಮ್ಮನನ್ನು ಉಳಿಸಿಕೊಳ್ಳುವ ದಾರಿಯಾಗಿತ್ತು. ತೊಂದರೆ ಇರುವುದು ಆ ದಾರಿಗೆ ವಯಸ್ಸಾಗದಿರುವುದರಲ್ಲಿ. ಮೂಳೆ ಕೂಡಿದ ಮೇಲೂ ಬಿಚ್ಚದ ಪ್ಲಾಸ್ಟರಿನ ಹಾಗೆ, ಒಮ್ಮೆ ಕಾಪಾಡಿದ್ದೇ ಈಗ ಕೈ ಆಡದಂತೆ ಮಾಡುತ್ತದೆ. ಒಳ್ಳೆಯ ಚಿಕಿತ್ಸಕರು ಅದನ್ನು ಕಿತ್ತೆಸೆಯಲು ಹೋಗುವುದಿಲ್ಲ. ಅದು ಏನನ್ನು ಕಾಯುತ್ತಿದೆ ಎಂದು ಮೊದಲು ಕೇಳುತ್ತಾರೆ.

ಮೊದಲ ಭೇಟಿಗಳು

ಎರಡರಿಂದ ನಾಲ್ಕು ಭೇಟಿ ಪರಿಚಯಕ್ಕೂ ಪರಿಶೀಲನೆಗೂ ಹೋಗುತ್ತವೆ. ತೊಂದರೆ ಯಾವಾಗ ಶುರುವಾಯಿತು, ಆಗಲೇ ಯಾಕೆ, ಬೆಳೆದ ಮನೆ ಹೇಗಿತ್ತು, ಹತ್ತಿರದ ಸಂಬಂಧಗಳು ಎಲ್ಲಿ ಮುರಿಯುತ್ತವೆ ಎಂದು ಕೇಳುತ್ತಾರೆ. ಆತ್ಮಹತ್ಯೆಯ ಯೋಚನೆ, ಕುಡಿತ, ಬೇರೆ ಅಮಲು, ತೆಗೆದುಕೊಳ್ಳುತ್ತಿರುವ ಮಾತ್ರೆ, ಹಿಂದಿನ ಕಾಯಿಲೆಗಳ ಬಗ್ಗೆಯೂ ನೇರವಾಗಿ ಕೇಳಬೇಕು, ಕೇಳದಿದ್ದರೆ ಅದು ಕೊರತೆಯೇ. ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯಂಥ ಲಕ್ಷಣ ಬರುವುದರಿಂದ ದೇಹದ ತಪಾಸಣೆ ಆಗಿದೆಯೇ ಎಂದು ನೋಡಿಕೊಳ್ಳುತ್ತಾರೆ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಥೆರಪಿ ಶುರುವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಜೊತೆಗೆ ನಡೆಯಬಹುದು.

ಪ್ರಶ್ನೆ ಕೇಳುವ ಹಕ್ಕು ನಿಮಗೂ ಇದೆ. ತರಬೇತಿ ಎಲ್ಲಿ ಆಯಿತು, ಅನುಭವಿಗಳೊಬ್ಬರ ಮೇಲ್ವಿಚಾರಣೆ ಇದೆಯೇ, ಸ್ವತಃ ಥೆರಪಿಗೆ ಒಳಗಾಗಿದ್ದಾರೆಯೇ ಎಂದು ಕೇಳಬಹುದು. ಈ ಪದ್ಧತಿಯ ತರಬೇತಿಯಲ್ಲಿ ಚಿಕಿತ್ಸಕರು ತಾವೂ ಆ ಕುರ್ಚಿಯಲ್ಲಿ ಕೂತಿರಬೇಕೆನ್ನುವುದು ಹಳೆಯ ನಿಯಮ. ಕೊನೆಯಲ್ಲಿ ಅವರು ತಮಗೆ ತಿಳಿದದ್ದನ್ನು ಸರಳವಾಗಿ ನಿಮ್ಮ ಮುಂದಿಡಬೇಕು: ‘ಬೇಜಾರನ್ನ ಹೇಳಿಕೊಂಡ್ರೆ ಜನ ದೂರ ಹೋಗ್ತಾರೆ ಅನ್ನೋ ಭಯ ನಿಮಗೆ ತುಂಬ ಹಿಂದಿನಿಂದ ಇರೋ ಹಾಗಿದೆ. ಅದನ್ನ ಇಲ್ಲಿ ನೋಡೋಣ.’ ಇದು ಕೆಲಸ ಶುರುಮಾಡಲು ಬೇಕಾದ ಒಂದು ಊಹೆ. ಮುಂದೆ ತಿದ್ದುಪಡಿಯಾಗುತ್ತ ಹೋಗುತ್ತದೆ.

ಚೌಕಟ್ಟು ಯಾಕೆ ಅಷ್ಟು ಬಿಗಿ

ವಾರದ ಅದೇ ದಿನ, ಅದೇ ಹೊತ್ತು, ಅದೇ ಕೋಣೆ. ಹೇಳದೆ ತಪ್ಪಿಸಿದ ಸೆಷನ್ನಿಗೆ ಶುಲ್ಕ ಕೊಡಬೇಕೇ, ಎಷ್ಟು ಗಂಟೆ ಮೊದಲು ತಿಳಿಸಬೇಕು, ಸೆಷನ್ನುಗಳ ನಡುವೆ ಫೋನ್ ಮಾಡಬಹುದೇ, ತುರ್ತಾದರೆ ಯಾರನ್ನು ಕಾಣಬೇಕು, ಎಲ್ಲವೂ ಮೊದಲೇ ತೀರ್ಮಾನವಾಗಿರಬೇಕು. ಹೇಳಿದ್ದು ಹೊರಹೋಗುವುದಿಲ್ಲ ಎಂಬ ಭರವಸೆಗೂ ಮಿತಿಗಳಿವೆ: ನಿಮ್ಮ ಅಥವಾ ಬೇರೊಬ್ಬರ ಜೀವಕ್ಕೆ ಅಪಾಯ, ಮಗುವಿನ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ. ಇವನ್ನೂ ಮೊದಲ ದಿನವೇ ಹೇಳಬೇಕು.

ಇದು ಬರೀ ಆಡಳಿತದ ಶಿಸ್ತಲ್ಲ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು ಬಿಡುತ್ತಾರಲ್ಲ, ದಾರವೇ ಅಲುಗಾಡುತ್ತಿದ್ದರೆ ಗೋಡೆಯ ಓರೆ ತಿಳಿಯುವುದಿಲ್ಲ. ಸಮಯ ವಾರವಾರವೂ ಬದಲಾಗುತ್ತಿದ್ದರೆ ನೀವು ತಡವಾಗಿ ಬಂದದ್ದಕ್ಕೆ ಅರ್ಥ ಹುಡುಕಲು ಆಗದು. ಚೌಕಟ್ಟು ಸ್ಥಿರವಾಗಿದ್ದರೆ ಅದರ ಮುಂದೆ ನಡೆಯುವ ಸಣ್ಣ ಚಲನೆಯೂ ಕಾಣುತ್ತದೆ. ಕೊನೆಯ ಎರಡು ನಿಮಿಷದಲ್ಲಿ, ಬಾಗಿಲ ಬಳಿ ನಿಂತು ‘ಅಂದಹಾಗೆ, ನಿನ್ನೆ…’ ಎಂದು ಅತಿ ಮುಖ್ಯವಾದದ್ದನ್ನು ಹೇಳುವವರು ಎಷ್ಟೋ ಜನ. ಥೆರಪಿಸ್ಟ್ ಆಗ ಸಮಯ ವಿಸ್ತರಿಸುವುದಿಲ್ಲ. ಕೇಳಿಸಿಕೊಂಡೆ ಎಂದು ತಿಳಿಸಿ, ಮುಂದಿನ ವಾರ ಇಲ್ಲಿಂದಲೇ ಶುರುಮಾಡೋಣ ಎನ್ನುತ್ತಾರೆ. ಹೊರಡುವ ಹೊತ್ತಿನಲ್ಲಿ ಮಾತ್ರ ಹೇಳಲು ಸಾಧ್ಯವಾಯಿತೇಕೆ ಎನ್ನುವುದು ಆಗ ಚರ್ಚೆಯ ವಸ್ತುವಾಗುತ್ತದೆ. ಅದು ಜೀವದ ಅಪಾಯದ ಮಾತಾಗಿದ್ದರೆ ಬೇರೆ ವಿಷಯ, ಅಲ್ಲಿ ಗಡಿಯಾರ ನೋಡಬಾರದು.

ಐವತ್ತು ನಿಮಿಷದಲ್ಲಿ ನಡೆಯುವುದು

ನಿಮಗಿರುವ ಕೆಲಸ ಒಂದೇ, ಮನಸ್ಸಿಗೆ ಬಂದದ್ದನ್ನು ಜರಡಿ ಹಿಡಿಯದೆ ಹೇಳುವುದು. ಕ್ಷುಲ್ಲಕ ಎನಿಸಿದ್ದು, ನಾಚಿಕೆಯಾದದ್ದು, ಕನಸು, ದಾರಿಯಲ್ಲಿ ಕಂಡ ಜಗಳ, ‘ಇವತ್ತು ಹೇಳೋಕೆ ಏನೂ ಇಲ್ಲ’ ಎನ್ನುವುದೂ ಆಗಬಹುದು. ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಎಲ್ಲಿ ಮಾತು ತಡೆಯುತ್ತದೋ, ವಿಷಯ ಥಟ್ಟನೆ ಬದಲಾಗುತ್ತದೋ, ನಗಬಾರದಲ್ಲಿ ನಗು ಬರುತ್ತದೋ ಅಲ್ಲಿ ಥೆರಪಿಸ್ಟ್ ಕಿವಿ ನಿಲ್ಲುತ್ತದೆ.

ಅವರು ಸಲಹೆ ಕೊಡದಿರುವುದೇಕೆ? ‘ಮೇಲಧಿಕಾರಿಗೆ ಆಗಲ್ಲ ಅಂತ ಹೇಳಿಬಿಡಿ’ ಎಂದು ನಮ್ಮ ಉದಾಹರಣೆಯ ಮಹಿಳೆಗೆ ಹೇಳಿದರೆ ಆಕೆ ‘ಸರಿ’ ಎಂದು ತಲೆಯಾಡಿಸಿ ಹೋಗುತ್ತಾರೆ. ಎದುರಿಗಿರುವವರನ್ನು ಮೆಚ್ಚಿಸುವ ಹಳೆಯ ಪಾಠ ಅಲ್ಲಿ ಇನ್ನೊಮ್ಮೆ ನಡೆದಂತಾಯಿತು, ಅಷ್ಟೇ. ಹೇಳಬೇಕು ಎಂದು ಆಕೆಗೂ ಗೊತ್ತು, ಗೊತ್ತಿದ್ದೂ ನಾಲಿಗೆ ಏಳುವುದಿಲ್ಲ. ಏಳದಂತೆ ತಡೆಯುವುದನ್ನು ಹುಡುಕಬೇಕು.

ಥೆರಪಿಸ್ಟ್ ಆಡುವ ಮಾತುಗಳಲ್ಲಿ ಮೆಟ್ಟಿಲುಗಳಿವೆ. ಮೊದಲು ಬರೀ ಬಿಡಿಸಿ ಕೇಳುವುದು: ‘ಬೇಜಾರು ಅಂದ್ರಿ, ಅದು ಹೇಗಿತ್ತು?’ ಆಮೇಲೆ ಕಂಡದ್ದನ್ನು ಎತ್ತಿ ತೋರಿಸುವುದು: ‘ಇಷ್ಟು ನೋವಿನ ವಿಷಯ ಹೇಳ್ತಾ ನಗ್ತಾ ಇದ್ದೀರಿ.’ ಕೊನೆಯಲ್ಲಿ ಅರ್ಥ ಜೋಡಿಸುವುದು, ಅಂದರೆ ಭಾವನೆ, ಭಯ, ರಕ್ಷಣೆಗಳನ್ನು ಒಂದು ವಾಕ್ಯದಲ್ಲಿ ತರುವುದು. ಮೂರನೆಯದನ್ನು ವಿರಳವಾಗಿ, ಆ ವ್ಯಕ್ತಿ ತಾನೇ ಅದರ ಹತ್ತಿರ ಬಂದಿದ್ದಾಗ ಮಾತ್ರ ಹೇಳಬೇಕು. ತೀರ ಮೊದಲೇ ಹೇಳಿದ ಸರಿಯಾದ ಮಾತು ಕೂಡ ಆರೋಪದಂತೆ ಕೇಳಿಸುತ್ತದೆ.

ಟ್ರಾನ್ಸ್‌ಫರೆನ್ಸ್: ಹಳೆಯ ಕಥೆ ಹೊಸ ಕುರ್ಚಿಯಲ್ಲಿ

ಕನ್ನಡದಲ್ಲಿ ‘ವರ್ಗಾವಣೆ’ ಎನ್ನಬಹುದಾದರೂ ಆ ಪದಕ್ಕೆ ನೌಕರಿಯ ನೆನಪು ಅಂಟಿಕೊಂಡಿದೆ, ಹಾಗಾಗಿ ಟ್ರಾನ್ಸ್‌ಫರೆನ್ಸ್ ಎಂದೇ ಇಟ್ಟುಕೊಳ್ಳೋಣ. ಹಿಂದಿನ ಮುಖ್ಯ ಸಂಬಂಧಗಳಲ್ಲಿ ಕಲಿತ ನಿರೀಕ್ಷೆಗಳನ್ನು ಇಂದಿನ ವ್ಯಕ್ತಿಯ ಮೇಲೆ ಅರಿವಿಲ್ಲದೆ ಹಾಕುವುದೇ ಇದು. ಎಲ್ಲೆಡೆ ನಡೆಯುತ್ತದೆ, ಥೆರಪಿಯಲ್ಲಿ ಮಾತ್ರ ಅದನ್ನು ಹಿಡಿದು ನೋಡುವ ಏರ್ಪಾಡಿದೆ.

ಏಳನೆಯ ತಿಂಗಳು ಎಂದುಕೊಳ್ಳಿ. ಥೆರಪಿಸ್ಟ್ ಒಂದು ದಿನ ಹತ್ತು ನಿಮಿಷ ತಡವಾಗಿ ಬಂದು ಕ್ಷಮೆ ಕೇಳುತ್ತಾರೆ. ‘ಅಯ್ಯೋ, ಪರವಾಗಿಲ್ಲ ಬಿಡಿ ಮೇಡಂ’ ಎನ್ನುತ್ತಾರೆ ಈಕೆ. ಮುಂದಿನ ವಾರ ತಾವೇ ಇಪ್ಪತ್ತು ನಿಮಿಷ ತಡ, ಮಾತೂ ಕಡಿಮೆ.

‘ಹೋದ ವಾರ ನಾನು ನಿಮ್ಮನ್ನ ಕಾಯಿಸಿದೆ. ಈ ವಾರ ಇಲ್ಲಿಗೆ ಬರೋದೇ ಕಷ್ಟ ಆಯ್ತೇನೋ ಅನ್ನಿಸ್ತಿದೆ.’

‘ಹಾಗೇನಿಲ್ಲ ಮೇಡಂ. ಟ್ರಾಫಿಕ್ಕು.’

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ: ‘ಹೊರಗೆ ಕೂತಿದ್ದಾಗ, ನಿಮಗೆ ನನ್ನ ನೆನಪೇ ಇಲ್ವೇನೋ ಅನ್ನಿಸ್ತು.’

‘ಅದನ್ನ ಹೇಳಿದ್ರೆ ಏನಾಗಬಹುದು ಅನ್ನಿಸ್ತು?’

‘ನಿಮಗೆ ಬೇಜಾರಾಗಿ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತೀರೇನೋ ಅಂತ.’

ಸಂಘರ್ಷದ ತ್ರಿಕೋನದ ಮೂರು ಮೂಲೆಯೂ ಇಲ್ಲಿ ಬಂದವು. ತಾಯಿಯ ಮಾತು ತೆಗೆಯುವ ಅಗತ್ಯವೂ ಈ ಕ್ಷಣಕ್ಕಿಲ್ಲ, ಬಹುಶಃ ಅದನ್ನು ಆಕೆಯೇ ಮುಂದಿನ ವಾರ ತರುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಆಕೆ ಹೇಳಿಯೇಬಿಟ್ಟರು, ಎದುರಿನವರು ಮುಖ ತಿರುಗಿಸಲಿಲ್ಲ, ಮುಂದಿನ ವಾರ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂತಿದ್ದರು. ‘ಸಿಟ್ಟು ತೋರಿಸಿದರೆ ಬಿಟ್ಟುಹೋಗುತ್ತಾರೆ’ ಎಂಬ ಪಾಠಕ್ಕೆ ಎದುರಾಗಿ ಒಂದು ಅನುಭವ ಸಿಕ್ಕಿತು. ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ 1946ರಲ್ಲೇ ಇದನ್ನು ಭಾವನೆಯನ್ನು ತಿದ್ದುವ ಅನುಭವ ಎಂದು ವಿವರಿಸಿದ್ದರು. ಒಂದು ಸಲದಿಂದ ಏನೂ ಆಗುವುದಿಲ್ಲ. ಬೇರೆ ಬೇರೆ ವೇಷದಲ್ಲಿ ಹತ್ತಾರು ಸಲ ಇದೇ ನಡೆಯಬೇಕು, ಆಮೇಲೆ ಒಂದು ದಿನ ಆಫೀಸಿನಲ್ಲಿ ‘ಇದು ನನ್ನಿಂದ ಆಗಲ್ಲ’ ಎಂಬ ಮಾತು ಹೆಚ್ಚು ಕಷ್ಟವಿಲ್ಲದೆ ಹೊರಬರುತ್ತದೆ. ತಿಂಗಳುಗಟ್ಟಲೆ ಸಮಯ ಬೇಕಾಗುವುದು ಈ ಮರುಕಳಿಕೆಗಾಗಿ.

ಥೆರಪಿಸ್ಟ್ ಒಳಗೂ ಭಾವನೆಗಳೇಳುತ್ತವೆ. ಯಾರೊಡನೆಯೋ ಕೂತಾಗ ಅಕಾರಣವಾಗಿ ತೂಕಡಿಕೆ, ಇನ್ನೊಬ್ಬರೊಡನೆ ಕಾಪಾಡಿಯೇ ತೀರಬೇಕೆಂಬ ತವಕ. ಇದಕ್ಕೆ ಕೌಂಟರ್‌ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ಮೊದಲು ಇದನ್ನು ಅಡ್ಡಿ ಎಂದೇ ಭಾವಿಸಿದ್ದರು. 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್ ಇದು ರೋಗಿಯ ಒಳಲೋಕದ ಸುಳಿವೂ ಆಗಬಲ್ಲದು ಎಂದು ವಾದಿಸಿದರು. ಸುಳಿವು ಯಾವುದು, ತನ್ನದೇ ಹಳೆಯ ಗಾಯ ಯಾವುದು ಎಂದು ಬೇರ್ಪಡಿಸುವುದಕ್ಕೇ ಮೇಲ್ವಿಚಾರಣೆ ಮತ್ತು ಸ್ವಂತ ಥೆರಪಿ ಬೇಕಾಗುವುದು.

ಕೆಡುವುದು ಎಲ್ಲೆಲ್ಲಿ

ತುಂಬ ಓದಿಕೊಂಡವರಲ್ಲಿ ಕಾಣುವ ತೊಡಕು, ಎಲ್ಲವನ್ನೂ ವಿಶ್ಲೇಷಿಸಿ ಏನನ್ನೂ ಅನುಭವಿಸದಿರುವುದು. ‘ಇದು ನನ್ನ ಬಾಲ್ಯದ ಅಭದ್ರತೆ’ ಎಂದು ನಿರರ್ಗಳವಾಗಿ ಹೇಳುತ್ತಾರೆ, ಕಣ್ಣು ಒದ್ದೆಯಾಗುವುದಿಲ್ಲ, ಬದುಕಿನಲ್ಲಿ ಏನೂ ಬದಲಾಗುವುದಿಲ್ಲ. ವಿವರಣೆಯೇ ಅಲ್ಲಿ ರಕ್ಷಣೆಯಾಗಿ ನಿಂತಿದೆ.

ಚಿಕಿತ್ಸಕರ ಕಡೆಯ ಸಾಮಾನ್ಯ ತಪ್ಪು ಅತಿಯಾದ ಮೌನ. ತಟಸ್ಥವಾಗಿರಬೇಕೆಂದು ಕಲ್ಲಿನಂತೆ ಕೂತರೆ, ಮಾತು ಬಿಡುತ್ತಿದ್ದ ತಾಯಿಯ ಮಗಳಿಗೆ ಅದು ಹಳೆಯ ಶಿಕ್ಷೆಯೇ ಆಗುತ್ತದೆ. ತನ್ನ ಊಹೆಗೆ ಜೋತುಬೀಳುವುದು ಇನ್ನೊಂದು ತಪ್ಪು. ನೀವು ‘ಅಲ್ಲ’ ಎಂದಾಗಲೆಲ್ಲ ‘ಅದು ನಿಮ್ಮ ಪ್ರತಿರೋಧ’ ಎನ್ನುವವರ ಬಳಿ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಎರಡನೆಯ ಮೂರನೆಯ ತಿಂಗಳಲ್ಲಿ ಕೆಲವರಿಗೆ ಮೊದಲಿಗಿಂತ ಹೆಚ್ಚು ಅಳು ಬರುತ್ತದೆ, ಮುಚ್ಚಿದ್ದು ತೆರೆದಾಗ ಅದು ಸಹಜ. ನಿದ್ದೆ, ಊಟ, ಕೆಲಸ ಮೂರೂ ವಾರಗಟ್ಟಲೆ ಕುಸಿಯುತ್ತಿದ್ದರೆ ಅಥವಾ ಸಾಯುವ ಯೋಚನೆ ಬರುತ್ತಿದ್ದರೆ ಸಹಜವಲ್ಲ. ಮುಂದಿನ ಸೆಷನ್ನಿಗೆ ಕಾಯದೆ ತಿಳಿಸಬೇಕು, ವೇಗ ತಗ್ಗಿಸಬೇಕು, ಮನೋವೈದ್ಯರನ್ನು ಕಾಣಬೇಕು. ಥೆರಪಿಸ್ಟ್ ಮೇಲೆ ಬೇಸರ ಬಂದರೆ ಹೇಳದೆ ಬಿಡುವ ಬದಲು ಒಂದು ಸೆಷನ್ ಆ ಬೇಸರಕ್ಕೇ ಕೊಟ್ಟು ನೋಡಿ. ಬಿರುಕು ಬಿಟ್ಟ ನಂಬಿಕೆಯನ್ನು ಇಬ್ಬರೂ ಸೇರಿ ಸರಿಪಡಿಸಿದ ವಾರಗಳೇ ಎಷ್ಟೋ ಸಲ ಅತ್ಯಂತ ಫಲ ಕೊಟ್ಟಿರುತ್ತವೆ.

ಒಂದು ವಿಷಯದಲ್ಲಿ ಮಾತ್ರ ಯಾವ ಚರ್ಚೆಯೂ ಬೇಡ. ಥೆರಪಿಸ್ಟ್ ದೈಹಿಕ ಸಂಬಂಧ ಬಯಸಿದರೆ, ಸಾಲ ಕೇಳಿದರೆ, ವ್ಯವಹಾರಕ್ಕೆ ಎಳೆದರೆ ಅದು ಟ್ರಾನ್ಸ್‌ಫರೆನ್ಸ್ ಅಲ್ಲ, ದುರುಪಯೋಗ. ಅಲ್ಲಿಂದ ಹೊರಬನ್ನಿ, ದೂರು ಕೊಡಿ.

ಯಾರಿಗೆ ಒಪ್ಪುತ್ತದೆ, ಎಷ್ಟು ಕಾಲ ಬೇಕು

ಖಿನ್ನತೆ, ಆತಂಕ, ಮತ್ತೆ ಮತ್ತೆ ಒಂದೇ ರೀತಿ ಮುರಿಯುವ ಸಂಬಂಧಗಳು, ಮುಗಿಯದ ಶೋಕ, ತನ್ನ ಮೇಲೆ ತನಗೇ ಇರುವ ತಾತ್ಸಾರ ಇಲ್ಲಿಗೆ ಬರುವ ಸಾಮಾನ್ಯ ಕಾರಣಗಳು. ಭಾವನೆಗಳ ತೀವ್ರ ಏರಿಳಿತವಿರುವ ವ್ಯಕ್ತಿತ್ವ ತೊಂದರೆಗಳಿಗೆ ಇದರದೇ ವಿಶೇಷ ರೂಪಗಳಿವೆ. ಗೀಳು ರೋಗಕ್ಕೆ, ಎತ್ತರದ ಭಯ, ಜಿರಳೆಯ ಭಯದಂಥ ನಿರ್ದಿಷ್ಟ ಭಯಗಳಿಗೆ ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆಯೇ ಮೊದಲ ಆಯ್ಕೆ. ಉನ್ಮಾದ, ಭ್ರಮೆ, ನಿಲ್ಲದ ಅಮಲು, ಈ ಕ್ಷಣದ ಆತ್ಮಹತ್ಯೆಯ ಅಪಾಯ ಇದ್ದಾಗ ಮೊದಲು ಅವು ಹತೋಟಿಗೆ ಬರಬೇಕು.

ಒಂದೇ ಸಮಸ್ಯೆಯನ್ನು ಗುರಿಯಾಗಿಟ್ಟುಕೊಂಡ ಅಲ್ಪಾವಧಿ ರೂಪ ಸುಮಾರು 16ರಿಂದ 30 ಸೆಷನ್. ದೀರ್ಘಾವಧಿ ಎಂದರೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಅಲ್ಪಾವಧಿ ರೂಪವನ್ನು ಆಲೋಚನೆ ತಿದ್ದುವ ಸಿಬಿಟಿ ಪದ್ಧತಿಯೊಡನೆ ಹೋಲಿಸಿದ ಆಮ್‌ಸ್ಟರ್‌ಡ್ಯಾಮಿನ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಖಿನ್ನತೆಯ 341 ಜನರಿಗೆ ತಲಾ 16 ಸೆಷನ್ ಕೊಟ್ಟಾಗ ಎರಡರ ಫಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ದೀರ್ಘಾವಧಿಯ ಬಗ್ಗೆ ಲಂಡನ್ನಿನ ಟ್ಯಾವಿಸ್ಟಾಕ್ ಅಧ್ಯಯನ (2015) ಹೆಚ್ಚು ಕಲಿಸುತ್ತದೆ. ಹಿಂದಿನ ಚಿಕಿತ್ಸೆಗಳಿಗೆ ಬಗ್ಗದ ಖಿನ್ನತೆಯ 129 ಜನರಲ್ಲಿ ಒಂದು ಗುಂಪಿಗೆ ಸಾಮಾನ್ಯ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ 18 ತಿಂಗಳ ಥೆರಪಿ. ಥೆರಪಿ ಮುಗಿದ ದಿನ ಎರಡು ಗುಂಪಿನ ನಡುವೆ ದೊಡ್ಡ ಅಂತರವಿರಲಿಲ್ಲ. ಶುರುವಾಗಿ 42 ತಿಂಗಳಾದಾಗ ಭಾಗಶಃ ಚೇತರಿಕೆ ಥೆರಪಿ ಗುಂಪಿನಲ್ಲಿ 30%, ಇನ್ನೊಂದರಲ್ಲಿ 4.4%. ಪೂರ್ಣ ಚೇತರಿಕೆ ಥೆರಪಿ ಗುಂಪಿನಲ್ಲೂ 15% ದಾಟಲಿಲ್ಲ, ಇದನ್ನೂ ಹೇಳಲೇಬೇಕು. ಹಳೆಯ ಖಿನ್ನತೆ ಸುಲಭಕ್ಕೆ ಬಿಡುವುದಿಲ್ಲ, ಕಲಿತದ್ದು ಬದುಕಿನಲ್ಲಿ ಕೆಲಸಕ್ಕೆ ಬರಲೂ ಸಮಯ ಹಿಡಿಯುತ್ತದೆ.

ಮುಗಿಸುವ ಬಗೆ

ಮುಗಿಸುವ ದಿನವನ್ನು ಮೊದಲೇ ಇಬ್ಬರೂ ಗೊತ್ತುಮಾಡುತ್ತಾರೆ. ವರ್ಷಗಟ್ಟಲೆ ನಡೆದ ಥೆರಪಿಯಲ್ಲಿ ಕೊನೆಯ ಎರಡು ಮೂರು ತಿಂಗಳು, 16 ಸೆಷನ್ನಿನದಾದರೆ ಕೊನೆಯ ನಾಲ್ಕು ಸೆಷನ್ ಬೀಳ್ಕೊಡುಗೆಗೇ ಮೀಸಲು. ಈ ಹೊತ್ತಿನಲ್ಲಿ ಹೋಗಿದ್ದ ತಲೆನೋವು, ಬೆಳಗಿನ ಜಾವದ ಎಚ್ಚರ ಮತ್ತೆ ಬರುವುದುಂಟು. ಚಿಕಿತ್ಸೆ ಸೋತಿತೆಂದು ಗಾಬರಿಯಾಗಿ ದಿನ ಮುಂದೂಡುವುದು ಸಾಮಾನ್ಯ ತಪ್ಪು. ಅಗಲಿಕೆಯ ಭಯ ಹಳೆಯ ದಾರಿಯನ್ನೇ ಹಿಡಿದು ಬಂದಿರುತ್ತದೆ, ಹೆಚ್ಚಿನ ಸಲ ಅದನ್ನು ಮಾತಿಗೆ ತಂದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕೊನೆಯ ಎರಡು ವಾರ ತಪ್ಪಿಸಿಕೊಳ್ಳಬೇಕು, ‘ಅರ್ಜೆಂಟ್ ಕೆಲಸ ಬಂತು’ ಎಂದು ಸಂದೇಶ ಕಳಿಸಿಬಿಡಬೇಕು ಎನಿಸುತ್ತದೆ. ಎನಿಸಿದರೂ ಹೋಗಿ, ಹೋಗಿ ಆ ಮಾತನ್ನೇ ಅಲ್ಲಿ ಹೇಳಿ.